ಹೊಗೆಸೊಪ್ಪಿನ ಸೀಮೆಯಲ್ಲಿ ಒಸಡಿನ ಚರಿತ್ರೆ

ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟಿನಿಂದ ಹುಣಸೂರು, ಪಿರಿಯಾಪಟ್ಟಣಗಳವರೆಗೆ ಹಬ್ಬಿರುವ ಸೀಮೆಯಲ್ಲಿ, ಹೊಲದ ಬದುವಿನ ಬೇವು ಹೊಂಗೆಗಳ ಕಡ್ಡಿಯನ್ನು ಮುರಿದು, ತುದಿಯನ್ನು ಜಗಿದು ಕುಂಚವಾಗಿಸಿ, ಬೆಳಗಿನ ಮಾತುಕತೆಯ ನಡುವೆಯೇ ಹಲ್ಲುಜ್ಜುತ್ತಿದ್ದ ಹಿರಿಯರು ತಾವು ಸುಶ್ರುತನ ವಿಧಿಯನ್ನು ಪಾಲಿಸುತ್ತಿರುವೆವೆಂದು ಎಣಿಸಿದವರಲ್ಲ. ಆದರೂ ಆ ಆಚಾರ್ಯನು ಹನ್ನೆರಡು ಅಂಗುಲದ ದಂತಕಾಷ್ಠವನ್ನು ವಿಧಿಸುವಾಗ ತಿಕ್ತರಸದಲ್ಲಿ ಬೇವನ್ನೂ ಕಟುರಸದಲ್ಲಿ ಹೊಂಗೆಯನ್ನೂ ಶ್ರೇಷ್ಠವೆಂದು ಹೇಳಿರುವುದರಿಂದ, ಶಾಸ್ತ್ರವೂ ರೂಢಿಯೂ ಇಲ್ಲಿ ಒಂದೇ ಮರದ ನೆರಳಿನಲ್ಲಿ ಕೂಡಿದ್ದುವೆನ್ನಬೇಕು.

ಆದರೆ ಹಲ್ಲನ್ನುಜ್ಜುವಾಗ ದಂತಮಾಂಸಕ್ಕೆ ಬಾಧೆಯಾಗಕೂಡದೆಂಬ ಶಾಸ್ತ್ರದ ಇನ್ನೊಂದು ಮಾತು ರೂಢಿಗೆ ಇಳಿಯಲಿಲ್ಲ. ಕಡ್ಡಿ ದೊರೆಯದ ದಿನ ಒಲೆಯ ಇದ್ದಲು, ಬೂದಿ, ಕಲ್ಲುಪ್ಪು ಕೈಗೆ ಬಂದುವು, 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಮೈಸೂರು ಸೀಮೆಯ ಮನೆಮನೆಗೂ ಹೊಕ್ಕಿತು. ಏನನ್ನು ಬಳಸಿದರೂ ತೋರುಬೆರಳಿನ ಒತ್ತಡ ಮಾತ್ರ ಬದಲಾಗಲಿಲ್ಲ. ಬಿಳುಪೇ ಶುದ್ಧಿಯ ಪ್ರಮಾಣವೆಂದು ನಂಬಿದವರು ಹಲ್ಲನ್ನು ನೋಡಿಕೊಂಡರೇ ಹೊರತು ಅದನ್ನು ಹಿಡಿದು ನಿಲ್ಲಿಸಿದ ಒಸಡನ್ನು ನೋಡಲಿಲ್ಲ.

ಪ್ರಾಚೀನರ ದೃಷ್ಟಿ ಇದಕ್ಕಿಂತ ಸೂಕ್ಷ್ಮವಾದುದು. ಸುಶ್ರುತಸಂಹಿತೆಯು ಎಣಿಸುವ 65 ಮುಖರೋಗಗಳಲ್ಲಿ ದಂತಗಳಿಗೆ ಸಂಬಂಧಿಸಿದುವು 8 ಮಾತ್ರ, ದಂತಮೂಲದವು 15. ನಿಷ್ಕಾರಣವಾಗಿ ರಕ್ತವೊಸರಿ, ಒಸಡು ಕಪ್ಪಾಗಿ ದುರ್ಗಂಧದಿಂದ ಕೊಳೆಯುವುದು ಶೀತಾದ. ಒಸಡು ಉರಿದು ಪಾಕವಾಗಿ ಹಲ್ಲು ಅಲುಗಾಡುವುದು ಉಪಕುಶ. ಶೀತಾದಕ್ಕೆ ರಕ್ತಮೋಕ್ಷಣದ ತರುವಾಯ ಶುಂಠಿ, ಸಾಸಿವೆ, ತ್ರಿಫಲೆ, ಮುಸ್ತೆಗಳ ಕಷಾಯವನ್ನು ಬಾಯಲ್ಲಿ ತುಂಬಿ ಹಿಡಿಯುವ ಗಂಡೂಷವನ್ನು ಹೇಳಿದೆ. ಇವೆಲ್ಲಕ್ಕಿಂತ ನನಗೆ ವಿಸ್ಮಯಕರವಾಗಿ ತೋರುವುದು, ಹಲ್ಲಿಗೆ ಅಂಟಿ ಗಟ್ಟಿಯಾದ ದಂತಶರ್ಕರೆಯನ್ನು ದಂತಮೂಲಕ್ಕೆ ಹಿಂಸೆಯಾಗದಂತೆ ವೈದ್ಯನು ತೆಗೆದು, ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ತಿಕ್ಕಬೇಕೆಂಬ ವಿಧಿ. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯೇರ್ ಫೋಶಾರನೂ, ಅನಂತರ ಅಮೆರಿಕದ ಜಾನ್ ರಿಗ್ಸನೂ ಹಿಡಿದುದು ಇದೇ ಮಾರ್ಗ. ಹಲ್ಲು ಕೆರೆಸಿದರೆ ಸಡಿಲವಾಗುತ್ತದೆಂಬ ಭೀತಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಆಗಲೇ ಎಲುಬು ಕರಗಿ ಸಡಿಲವಾದ ಹಲ್ಲನ್ನು ದಂತಶರ್ಕರೆಯು ಕಟ್ಟಿಹಿಡಿದಿರುವುದರಿಂದ, ಅದನ್ನು ತೆಗೆದಾಗ ಹಳೆಯ ನಷ್ಟ ಹೊಸದಾಗಿ ಕಾಣುತ್ತದೆ, ಅಷ್ಟೆ.

ಒಸಡಿನ ರೋಗದ ಕಾರಣವು ನಿಸ್ಸಂಶಯವಾದುದು ಈಚೆಗೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಾದ ತರುಣರಿಂದ ಹಲ್ಲುಜ್ಜುವುದನ್ನು ಬಿಡಿಸಿದಾಗ ಮೂರು ವಾರಗಳೊಳಗೆ ಎಲ್ಲರ ಒಸಡೂ ಉರಿಯೂತಕ್ಕೊಳಗಾಯಿತು. ಉಜ್ಜತೊಡಗಿದೊಡನೆ ಮರಳಿ ಸ್ವಸ್ಥವಾಯಿತು. ಅದೇ ಲೋ ಬೇರೆ ಸಂಗಡಿಗರೊಡನೆ ಶ್ರೀಲಂಕೆಯ 480 ಮಂದಿ ಚಹಾತೋಟದ ಕೂಲಿಕಾರರನ್ನು ವರ್ಷಗಳ ಕಾಲ ಪರಿಶೀಲಿಸಿ 1986ರಲ್ಲಿ ಪ್ರಕಟಿಸಿದುದು ಇನ್ನೂ ವಿಚಾರಾರ್ಹ: ದಂತಶುದ್ಧಿಯನ್ನೇ ಅರಿಯದ ಅವರೆಲ್ಲರಲ್ಲಿಯೂ ಒಸಡು ಕೆಂಪಾಗಿದ್ದರೂ ಶೇಕಡ 8ರಷ್ಟು ಜನರಲ್ಲಿ ವ್ಯಾಧಿಯು ವೇಗವಾಗಿಯೂ, 81ರಷ್ಟು ಜನರಲ್ಲಿ ಮಧ್ಯಮಗತಿಯಲ್ಲಿಯೂ ಮುಂದುವರಿಯಿತು, 11ರಷ್ಟು ಜನರಲ್ಲಿ ಅದು ಒಸಡನ್ನು ದಾಟಲೇ ಇಲ್ಲ. ಇದ್ದಲು ಉಜ್ಜಿಯೂ ತೊಂಬತ್ತರವರೆಗೆ ಹಲ್ಲುಳಿಸಿಕೊಂಡ ಅಜ್ಜನನ್ನು ಮುಂದಿಡುವವರಿಗೆ ಇದಕ್ಕಿಂತ ಸಮರ್ಪಕವಾದ ಉತ್ತರ ಬೇಕಿಲ್ಲ.

ಈ ತಾಲ್ಲೂಕುಗಳಿಗೆ ವಿಶಿಷ್ಟವಾದ ತೊಡಕೊಂದಿದೆ. ವರ್ಜೀನಿಯಾ ಹೊಗೆಸೊಪ್ಪು ಇಲ್ಲಿಯ ರೈತನ ಹಣದ ಬೆಳೆ. 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದಂದಿನಿಂದ ಬ್ಯಾರನ್ನಿನಲ್ಲಿ ಹದಗೊಂಡ ಎಲೆಯು ಹರಾಜುಕಟ್ಟೆಗೆ ಬರುತ್ತಿದೆ. ಎಲೆಯಡಕೆಯೊಡನೆ ಕೆನ್ನೆಯಲ್ಲಿಟ್ಟ ಹೊಗೆಸೊಪ್ಪು ತಾನು ತಾಕಿದ ಎಡೆಯಲ್ಲಿ ಒಸಡನ್ನು ಕೆಳಗೆ ಸರಿಸುತ್ತದೆ. ಬೀಡಿ ಸಿಗರೇಟುಗಳ ಕೃತ್ಯ ಗೂಢತರವಾದುದು: ಒಸಡಿನ ರಕ್ತಸ್ರಾವವನ್ನು ಅಡಗಿಸಿ, ಪ್ರಾಚೀನರು ಮೊದಲ ಲಕ್ಷಣವೆಂದು ಗುರುತಿಸಿದುದನ್ನೇ ಮರೆಮಾಡಿ, ಒಳಗೆ ಎಲುಬನ್ನು ಸವೆಸುತ್ತದೆ. ಬೀಡಿಯನ್ನು ಬಿಟ್ಟವನ ಒಸಡಿನಲ್ಲಿ ಕೆಲವು ವಾರಗಳೊಳಗೆ ರಕ್ತ ಮರಳಿ ಕಾಣಿಸಿಕೊಳ್ಳುವುದುಂಟು. ಬಿಟ್ಟುದರಿಂದಲೇ ರೋಗ ಬಂತೆಂದು ಅವನು ಭ್ರಮಿಸದಂತೆ, ಈ ಮಾತನ್ನು ದಂತವೈದ್ಯನು ಮುಂಚೆಯೇ ಹೇಳಿರಬೇಕಾಗುತ್ತದೆ.