ಹಿಮದಲ್ಲಿ ಜಾರುವ ಹಕ್ಕು

ಹಿಮ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋದು ಸಿನಿಮಾ ಹಾಡಿನ ಹಿಮ. ನಾಯಕ ಬೆಚ್ಚಗೆ ಸ್ವೆಟರ್ ಹಾಕ್ಕೊಂಡಿರ್ತಾನೆ, ನಾಯಕಿ ಪಾಪ ತೆಳು ಸೀರೆಯಲ್ಲಿ ನಡುಗ್ತಿರ್ತಾಳೆ :) ಆದ್ರೆ ಹಿಮ ಬೀಳೋ ಊರುಗಳಲ್ಲಿ ಅದರ ನಿಜವಾದ ವಾರಸುದಾರರು ಮಕ್ಕಳು. ಉಂಡೆ ಕಟ್ಟಿ ಎಸೆಯೋದು, ಹಿಮದ ಬೊಂಬೆ ಮಾಡೋದು, ಸ್ಲೆಡ್ ಮೇಲೆ ಕೂತು ಇಳಿಜಾರಿನಲ್ಲಿ ಸುಯ್ಯಂತ ಜಾರೋದು... (ಸ್ಲೆಡ್ ಅಂದ್ರೆ ಚಕ್ರದ ಬದಲು ಅಡಿಗೆ ಎರಡು ಪಟ್ಟಿ ಇರೋ ಪುಟ್ಟ ಗಾಡಿ.) ಈ ಆಟಕ್ಕೂ ಒಂದು ರಾಜಕೀಯ ಚರಿತ್ರೆ ಇದೆ ಅಂತ ನನಗೆ ಗೊತ್ತಾಗಿದ್ದು 1775ರ ಒಂದು ಪತ್ರದಿಂದ.

ಅಮೆರಿಕ ಆಗಿನ್ನೂ ಬ್ರಿಟಿಷರ ವಸಾಹತು. 1773ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಜನ ಚಹಾದ ಪೆಟ್ಟಿಗೆಗಳನ್ನ ಸಮುದ್ರಕ್ಕೆ ಎಸೆದಿದ್ದರು. ಅದಕ್ಕೆ ಶಿಕ್ಷೆ ಅಂತ 1774ರಲ್ಲಿ ಸರ್ಕಾರ ಬಂದರನ್ನೇ ಮುಚ್ಚಿಸಿತು, ಊರಿನ ತುಂಬ ಸೈನಿಕರನ್ನ ತಂದು ಕೂರಿಸಿತು. ಹಾಗೆ ಬಂದವರಲ್ಲಿ ಫ್ರೆಡರಿಕ್ ಹಾಲ್ಡಿಮಂಡ್ ಒಬ್ಬ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಬ್ರಿಟಿಷ್ ಸೇನೆಯಲ್ಲಿ ಜನರಲ್ ಆದವನು. ಅವನ ಬಿಡಾರ ಇದ್ದದ್ದು ಸ್ಕೂಲ್ ಸ್ಟ್ರೀಟ್ ಹತ್ತಿರ. ಬೀಕನ್ ಹಿಲ್ ಕಡೆಯಿಂದ ಇಳಿಯೋ ಆ ಬೀದಿ ಚಳಿಗಾಲದಲ್ಲಿ ಹುಡುಗರ ಜಾರುದಾರಿ.

ಹುಡುಗರು ಜಾರಿ ಜಾರಿ ಹಿಮ ಗಾಜಿನ ಹಾಗೆ ನುಣುಪಾಗಿತ್ತು. ಅಲ್ಲಿ ನಡೆಯೋ ದೊಡ್ಡವರ ಗತಿ ಏನು ಹೇಳಿ? ಜನರಲ್ಲನ ಆಳು ಒಲೆಯ ಬೂದಿ ತಂದು ಅದರ ಮೇಲೆ ಸುರಿಸಿಬಿಟ್ಟ. ಬೂದಿ ಬಿದ್ದರೆ ಕಾಲಿಗೆ ಹಿಡಿತ ಸಿಗತ್ತೆ, ಆದ್ರೆ ಸ್ಲೆಡ್ ಅಲ್ಲೇ ನಿಂತುಬಿಡತ್ತೆ. ಆಟ ಮುಗೀತು.

ಹುಡುಗರು ಅಳ್ತಾ ಮನೆಗೆ ಹೋಗಲಿಲ್ಲ. ಕಿಟಕಿಗೆ ಕಲ್ಲೂ ಹೊಡೀಲಿಲ್ಲ. ಎಲ್ಲರೂ ಸೇರಿ ಒಂದು ಸಮಿತಿ ಮಾಡಿಕೊಂಡರು! ಆ ಸಮಿತಿ ನೇರ ಜನರಲ್ಲನ ಮನೆಗೆ ಹೋಗಿ ಬಹಳ ಮರ್ಯಾದೆಯಿಂದಲೇ ದೂರು ಕೊಟ್ಟಿತು. ನಮ್ಮ ಅಪ್ಪಂದಿರೂ ಅನಾದಿ ಕಾಲದಿಂದ ಇಲ್ಲೇ ಜಾರಿಕೊಂಡು ಬಂದಿದ್ದಾರೆ ಅನ್ನೋದು ಅವರ ವಾದ. ಹಾಲ್ಡಿಮಂಡ್ ಪೂರ್ತಿ ಕೇಳಿಸಿಕೊಂಡ, ಆಳನ್ನ ಕರೆದು ದಾರಿ ಸರಿ ಮಾಡಿಕೊಡು ಅಂತ ಆಜ್ಞೆ ಮಾಡಿದ. ಆಮೇಲೆ ಗವರ್ನರ್ ಥಾಮಸ್ ಗೇಜ್‌ಗೂ ವಿಷಯ ತಿಳಿಸಿದ. ಈ ಜನಕ್ಕೆ ಸ್ವಾತಂತ್ರ್ಯದ ಹುಚ್ಚು ಚಿಕ್ಕಂದಿನಿಂದಲೇ ಬೇರುಬಿಟ್ಟಿದೆ, ಅದನ್ನ ಬಿಡಿಸೋಕೆ ಆಗಲ್ಲ ಅನ್ನೋ ಅರ್ಥದ ಮಾತು ಗೇಜ್ ಆಡಿದನಂತೆ. ಇದನ್ನೆಲ್ಲ ಬರೆದಿಟ್ಟವನು ಜಾನ್ ಆಂಡ್ರೂಸ್ ಅನ್ನೋ ಬಾಸ್ಟನ್ ವ್ಯಾಪಾರಿ, ಜನವರಿ 1775ರ ಕೊನೆಯಲ್ಲಿ. ಮೂರು ತಿಂಗಳೂ ತುಂಬಲಿಲ್ಲ, ಏಪ್ರಿಲ್ 19ಕ್ಕೆ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು, ಕ್ರಾಂತಿಯುದ್ಧ ಶುರುವಾಯ್ತು.

ಇಲ್ಲೊಂದು ತಮಾಷೆ ನೋಡಿ. ಈ ಕಥೆ ಬಾಯಿಂದ ಬಾಯಿಗೆ ಹೋಗ್ತಾ ಬೆಳೆದುಬಿಡ್ತು. ಹಾಲ್ಡಿಮಂಡ್ ಮಾಯವಾಗಿ ಗೇಜ್‌ನೇ ಹುಡುಗರ ಎದುರು ಬಂದು ನಿಂತ. 1875ರಲ್ಲಿ ಹೆನ್ರಿ ಬೇಕನ್ ಅನ್ನೋ ಕಲಾವಿದ ಬರೆದ ವರ್ಣಚಿತ್ರದಲ್ಲೂ ಇರೋದು ಗೇಜ್. ಆಳು, ಬೂದಿ, ಒಂದು ಬೀದಿ ಅಂದ್ರೆ ನೂರನೇ ವರ್ಷದ ಸಂಭ್ರಮಕ್ಕೆ ಸಾಲದು ಅನ್ನಿಸಿತೋ ಏನೋ! ನನಗಂತೂ ಪತ್ರದ ಬೂದಿಯ ಕಥೆಯೇ ಹೆಚ್ಚು ಇಷ್ಟ.

ಮುಂದೆ ಸ್ಲೆಡ್ ಸುಧಾರಿಸಿತು. ಕೃಷಿ ಉಪಕರಣ ಮಾಡ್ತಿದ್ದ ಸ್ಯಾಮುಯೆಲ್ ಲೀಡ್ಸ್ ಅಲೆನ್ 1889ರಲ್ಲಿ 'ಫ್ಲೆಕ್ಸಿಬಲ್ ಫ್ಲೈಯರ್'ಗೆ ಪೇಟೆಂಟ್ ತಗೊಂಡ. ಅದರ ಮುಂದಿನ ಅಡ್ಡಪಟ್ಟಿ ತಿರುಗಿಸಿದರೆ ಕೆಳಗಿನ ಪಟ್ಟಿಗಳು ಬಾಗಿ ಗಾಡಿ ಬೇಕಾದ ಕಡೆ ತಿರುಗ್ತಿತ್ತು. ಆದ್ರೆ ಆಮೇಲೆ ಬೀದಿಗೆ ಕಾರುಗಳು ಬಂದವು, ಅವುಗಳ ಹಿಂದೆ ವಕೀಲರೂ ಬಂದರು. ಮಗು ಮರಕ್ಕೆ ಗುದ್ದಿ ಪೆಟ್ಟಾದರೆ ನಗರಸಭೆಯ ಮೇಲೆ ಕೇಸು. ಆ ಭಯಕ್ಕೇ 2015ರಲ್ಲಿ ಅಯೋವಾದ ಡ್ಯೂಬ್ಯೂಕ್ ನಗರ ತನ್ನ 50 ಪಾರ್ಕುಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲ ಕಡೆ ಸ್ಲೆಡ್ ನಿಷೇಧಿಸಿತು. ತಲೆಗೆ ಪೆಟ್ಟು ಬೀಳೋದು ಸುಳ್ಳಲ್ಲ, ಹೆಲ್ಮೆಟ್ ಹಾಕಲೇಬೇಕು. ಅದಕ್ಕೆ ಗುಡ್ಡಕ್ಕೇ ಬೀಗ ಹಾಕೋದಾ?

ಅದೇ 2015ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನಲ್ಲಿ ಬಾಸ್ಟನ್ ಕಥೆ ಮರುಕಳಿಸಿತು. ಸಂಸತ್ ಭವನದ ಗುಡ್ಡದಲ್ಲಿ ಭದ್ರತೆಯ ಹೆಸರಲ್ಲಿ ಜಾರೋದು ನಿಷಿದ್ಧ. ಅಪ್ಪ ಅಮ್ಮಂದಿರು ಮಕ್ಕಳನ್ನ ಕರ್ಕೊಂಡು ಹೋಗಿ ಜಾರಿಸಿಯೇ ಬಿಟ್ಟರು, ಒಂಥರಾ ಹಿಮದ ಸತ್ಯಾಗ್ರಹ. ಆ ವರ್ಷದ ಕೊನೆಗೆ ಮಕ್ಕಳನ್ನ ತಡೀಬೇಡಿ ಅಂತ ಕಾಂಗ್ರೆಸ್ಸೇ ಪೊಲೀಸರಿಗೆ ಹೇಳಿತು. 2021ರ ಜನವರಿ ದಾಳಿಯಾದ ಮೇಲೆ ಬೇಲಿ ಎದ್ದು, ಆ ಚಳಿಗಾಲಕ್ಕೆ ಮತ್ತೆ ಬಂದ್.

ಇನ್ನು ಕೊಲೊರಾಡೊದ ಸೆವರೆನ್ಸ್ ಅನ್ನೋ ಪುಟ್ಟ ಊರು. ಕಲ್ಲು ಗಿಲ್ಲು ಎಸೆಯಬಾರದು ಅನ್ನೋ ಹಳೇ ಕಾನೂನಿನಲ್ಲಿ ಹಿಮದುಂಡೆಯೂ ಸೇರಿಕೊಂಡಿತ್ತು. 2018ರ ಡಿಸೆಂಬರಿನಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಊರಿನ ಮಂಡಳಿಯ ಮುಂದೆ ನಿಂತು ವಾದ ಮಾಡಿದ. ಒಂದೂ ವಿರೋಧ ಮತ ಇಲ್ಲದೆ ಗೆದ್ದ!

ಮಕ್ಕಳಿಗೆ ವೋಟಿಲ್ಲ, ಜಾಗದ ಪಟ್ಟಾ ಅವರ ಹೆಸರಲ್ಲಿಲ್ಲ. ಅವರ ಹತ್ರ ಇರೋದು "ನಾವು ಇಲ್ಲೇ ಆಡ್ತಿದ್ವಿ" ಅನ್ನೋ ಒಂದೇ ದಾಖಲೆ. 1775ರಲ್ಲಿ ಶತ್ರು ಸೈನ್ಯದ ಜನರಲ್ ಕೂಡ ಆ ದಾಖಲೆಗೆ ಬೆಲೆ ಕೊಟ್ಟ. ನಮ್ಮ ಬೆಂಗಳೂರಲ್ಲಿ ಹಿಮ ಇಲ್ಲ, ಬೂದಿಯೂ ಬೇಕಿಲ್ಲ. "ಇಲ್ಲಿ ಚೆಂಡಾಟ ನಿಷೇಧಿಸಲಾಗಿದೆ" ಅನ್ನೋ ಒಂದು ಬೋರ್ಡ್ ಸಾಕು. ನಮ್ಮ ಬೀದಿಯ ಹುಡುಗರೂ ಒಂದು ಸಮಿತಿ ಮಾಡಿಕೊಂಡು ಬಂದು ಬಾಗಿಲು ತಟ್ಟಿದರೆ, ಒಳಗೆ ಕರೆದು ಪೂರ್ತಿ ಕೇಳಿಸಿಕೊಳ್ಳೋರು ನಮ್ಮಲ್ಲಿ ಎಷ್ಟು ಜನ ಇದ್ದೀವಿ ಹೇಳಿ?