ಕೊಲ್ಲೂರು ಸೀಮೆಯ ನೆಲದೊಳಗು: ಪ್ರವಾಸಗ್ರಂಥಗಳು ಕಾಣದ ಭಾಗ

ನೆಲದ ಮೇಲಣ ಪ್ರವಾಸವನ್ನು ಕುರಿತ ಗ್ರಂಥಗಳು ಎಲ್ಲ ಭಾಷೆಗಳಲ್ಲಿಯೂ ಹೇರಳವಾಗಿವೆ. ನೆಲದ ಒಳಗಣ ಪ್ರವಾಸವನ್ನು ಕುರಿತವು ವಿರಳ. ಫ್ರಾನ್ಸ್ ದೇಶದ ಮಾರ್ಟೆಲನು 1889ರಲ್ಲಿ ಪಾದಿರಾಕ್ ಎಂಬ ಕೂಪಕ್ಕಿಳಿದು, ತನ್ನ ಶೋಧನೆಗಳನ್ನು 1894ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದಂದಿನಿಂದ ಗುಹಾನ್ವೇಷಣೆಯು ಒಂದು ಶಾಸ್ತ್ರದ ಸ್ವರೂಪವನ್ನು ಪಡೆಯಿತು. ಆ ಪರಂಪರೆಯಲ್ಲಿ ಈಚೆಗೆ ಪ್ರಸಿದ್ಧವಾದ ಕೃತಿ ರಾಬರ್ಟ್ ಮ್ಯಾಕ್‌ಫರ್ಲೇನರ 'ಅಂಡರ್‌ಲ್ಯಾಂಡ್' (2019). ಇಂಗ್ಲೆಂಡಿನ ಸುಣ್ಣಕಲ್ಲಿನ ಗುಹೆಗಳು, ಪ್ಯಾರಿಸ್ ನಗರದಡಿಯ ಹಳೆಯ ಕಲ್ಲುಗಣಿಗಳು, ಗ್ರೀನ್‌ಲೆಂಡಿನ ಹಿಮಕೂಪ, ಅಣುತ್ಯಾಜ್ಯವನ್ನು ಹೂಳಲು ಫಿನ್‌ಲೆಂಡಿನಲ್ಲಿ ಕೊರೆದ ಸುರಂಗ ಇವೆಲ್ಲ ಅದರಲ್ಲಿವೆ. ಇದನ್ನು ಓದಿದ ಕನ್ನಡಿಗನಿಗೆ, ನಮ್ಮ ಕರಾವಳಿಯ ನೆಲದಡಿಯಲ್ಲಿ ಏನಿದೆ, ಅದನ್ನು ಕಂಡು ಬರೆದವರು ಯಾರು ಎಂಬ ಪ್ರಶ್ನೆ ಏಳುವುದು ಸಹಜ.

ಈ ಪ್ರಶ್ನೆಗೆ ಉತ್ತರವನ್ನರಸುವವರು ಮೊದಲು ತೆರೆಯಬೇಕಾದುದು ಫ್ರಾನ್ಸಿಸ್ ಬುಕನನ್ನನ ಪ್ರವಾಸಗ್ರಂಥ. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಈತನು ಮಲಬಾರಿನ ಅಂಗಡಿಪುರಂ ಎಂಬಲ್ಲಿ ಕೆಂಪು ಕಲ್ಲೊಂದನ್ನು ಕಂಡನು. ನೆಲದಲ್ಲಿರುವಾಗ ಕಬ್ಬಿಣದ ಹತ್ಯಾರಿನಿಂದ ಕೊಯ್ಯುವಷ್ಟು ಮೆತ್ತಗಿದ್ದು, ಗಾಳಿಗೆ ತೆರೆದಿಟ್ಟೊಡನೆ ಗಟ್ಟಿಯಾಗುವ ಈ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಆ ಸೀಮೆಯವರು ಅದನ್ನು ಇಟ್ಟಿಗೆಕಲ್ಲೆಂದೇ ಕರೆಯುತ್ತಿದ್ದರು. ನಮ್ಮಲ್ಲಿಯೂ ಜಂಬಿಟ್ಟಿಗೆ ಎಂಬ ಮಾತುಂಟು. ವಿಜ್ಞಾನಕ್ಕೆ ದೊರೆತ ಈ ಹೊಸ ಹೆಸರು ಕಲ್ಲುಕೊಯ್ಯುವವರ ಹಳೆಯ ಹೆಸರಿನ ಅನುವಾದವೇ ಸರಿ. 1801ರ ಆರಂಭದಲ್ಲಿ ಆತನು ಕನ್ನಡ ಜಿಲ್ಲೆಯನ್ನು ಪ್ರವೇಶಿಸಿ, ಕುಂದಾಪುರ ಬೈಂದೂರುಗಳ ಮಾರ್ಗವಾಗಿ ಉತ್ತರಕ್ಕೆ ನಡೆದನು; ಬಳಿಕ ಘಟ್ಟವನ್ನು ಹತ್ತಿ ಇಕ್ಕೇರಿ ನಗರಗಳ ಕಡೆಗೆ ಬಂದನು. ಕೊಲ್ಲೂರು ಈ ಎರಡು ದಾರಿಗಳ ನಡುವೆ ಉಳಿದುಹೋಯಿತು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಆ ಗ್ರಂಥದ ಉಪಕಾರವನ್ನು ಚರಿತ್ರೆಕಾರರು ಮರೆಯುವಂತಿಲ್ಲ. ಆದರೆ ಬೆಳೆ, ಭೂಮಿ, ಕಂದಾಯಗಳನ್ನು ವಿಚಾರಿಸಲೆಂದು ಕಂಪೆನಿಯಿಂದ ನಿಯುಕ್ತನಾದವನ ದೃಷ್ಟಿ ನೆಲದ ಮೇಲೆಯೇ ನಿಲ್ಲುವುದು ಅನಿವಾರ್ಯವಾಗಿತ್ತು.

ಆ ಕಲ್ಲಿನ ಕೆಳಗಿನ ಸಂಗತಿಯೇ ಹೆಚ್ಚು ಸ್ವಾರಸ್ಯವುಳ್ಳದ್ದು. ಯೂರೋಪಿನ ಗುಹೆಗಳಲ್ಲಿ ಬಹುಪಾಲು ಸುಣ್ಣಕಲ್ಲು ನೀರಿನಲ್ಲಿ ಕರಗಿ ಉಂಟಾದವು. ಕರಾವಳಿಯ ಮುರಕಲ್ಲಿನ ನಾಡಿನಲ್ಲಿ ಕ್ರಮವೇ ಬೇರೆ. ಮೇಲೆ ಗಟ್ಟಿಯಾದ ಕೆಂಪುಕಲ್ಲಿನ ಹೊದಿಕೆ. ಅದರಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು. ಒಣಗಿದಾಗ ಗಟ್ಟಿಯಾಗಿರುವ ಈ ಮಣ್ಣು ನೀರು ಕುಡಿದೊಡನೆ ಬಲಗುಂದಿ ಹರಿದುಹೋಗುತ್ತದೆ. ಹೊದಿಕೆ ನಿಲ್ಲುತ್ತದೆ, ಒಡಲು ಟೊಳ್ಳಾಗುತ್ತದೆ. ಇಲ್ಲಿ ಕಲ್ಲು ಕರಗುವುದಿಲ್ಲ, ಮಣ್ಣು ಕೊಚ್ಚಿಹೋಗುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ನೆಲ್ಲಿತೀರ್ಥದ ಸುಮಾರು 200 ಮೀಟರ್ ಉದ್ದದ ಗುಹೆ ಈ ಬಗೆಯದು. ಭಕ್ತರು ಅದರಲ್ಲಿ ಬಾಗಿ ತೆವಳಿ ಸಾಗುತ್ತಾರೆ, ಮಳೆಗಾಲದಲ್ಲಿ ಅದಕ್ಕೆ ಪ್ರವೇಶವಿಲ್ಲ.

ಈ ಗುಣವನ್ನು ಬಲ್ಲವರು ತಾವೇ ಗುಹೆಯನ್ನು ಕೊರೆದುದೂ ಉಂಟು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಹಾರೆ ಪಿಕ್ಕಾಸಿಗಳಿಂದ ಅಡ್ಡಲಾಗಿ ತೋಡಿದ ಸುರಂಗಗಳಿಂದ ಯಾವ ಯಂತ್ರವೂ ಇಲ್ಲದೆ ತೋಟಕ್ಕೆ ನೀರು ಹರಿದುಬರುತ್ತದೆ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗಗಳನ್ನು ತೋಡಿ, ಮೊದಲಿನವು ನೀರು ಕೊಡದಿದ್ದರೂ ಬಿಡದೆ, ಬೋಳುಗುಡ್ಡವನ್ನು ತೋಟವಾಗಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ನೆಲದೊಳಗಿನ ಪ್ರವಾಸಿಯೆಂಬ ಹೆಸರಿಗೆ ಇಂತಹವರಿಗಿಂತ ಅರ್ಹರು ಯಾರು? ಆದರೆ ಅವರಾರೂ ಪ್ರವಾಸಗ್ರಂಥವನ್ನು ಬರೆದವರಲ್ಲ.

ಇನ್ನು ಕೊಲ್ಲೂರಿನ ಪರಿಸರ. 1343 ಮೀಟರ್ ಎತ್ತರದ ಕೊಡಚಾದ್ರಿಯಲ್ಲಿ, ಸರ್ವಜ್ಞಪೀಠದಿಂದ ಇಳಿದು ಸೇರುವ ಚಿತ್ರಮೂಲವು ಗಟ್ಟಿ ಬಂಡೆಯ ಪೊಟರೆ. ಶಂಕರಾಚಾರ್ಯರು ಅಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆಯಿದೆ. ತಾಯಿಯ ದುಃಖವನ್ನು ನೀಗಲೆಂದು ಸುಪರ್ಣನು ತಪಸ್ಸಿಗೆ ಕುಳಿತುದರಿಂದ ಹೊಳೆಗೆ ಸೌಪರ್ಣಿಕೆಯೆಂಬ ಹೆಸರು ಬಂದಿತೆಂಬುದು ಸ್ಥಳಪುರಾಣ; ಆ ಗರುಡನ ಹೆಸರಿನ ಗುಹೆಯೂ ಕೊಲ್ಲೂರಿನಲ್ಲಿದೆ. ಕುಂದಾಪುರ ತಾಲ್ಲೂಕಿನ ಕೆರಾಡಿಯ ಬಳಿ ಮೂಡಗಲ್ಲಿನ ಕೇಶವನಾಥೇಶ್ವರ ಗುಹಾಲಯದಲ್ಲಿ ದೇವರ ದರ್ಶನಕ್ಕೆ ಕತ್ತಲೆಯಲ್ಲಿ ನೀರಿನೊಳಗೇ ನಡೆಯಬೇಕು. ಕಾಲ ಬಳಿ ಮೀನುಗಳು ಸುಳಿದಾಡುತ್ತವೆ. ಪುರಾಣವನ್ನು ಶಾಸನದಂತೆ ಓದಲಾಗದು. ಆದರೆ ಹೊಳೆಯ ಹೆಸರನ್ನೂ ಗುಹೆಯನ್ನೂ ಒಂದೇ ಕಥೆಯಲ್ಲಿ ಕಟ್ಟಿದವರು ನೀರಿಗೂ ಬೆಟ್ಟದ ಒಡಲಿಗೂ ಇರುವ ಸಂಬಂಧವನ್ನು ಗಮನಿಸಿದ್ದರೆಂದು ಊಹಿಸಲು ಅಡ್ಡಿಯಿಲ್ಲ.

ಗುಹೆಯ ಒಳದಾರಿ ಕಾಶಿಯವರೆಗೂ ಹೋಗುತ್ತದೆಂಬ ಮಾತು ನಮ್ಮ ನಾಡಿನ ಹಲವೆಡೆ ಕೇಳಿಬರುತ್ತದೆ. ಅದನ್ನು ಕೇಳಿ ನಕ್ಕು ಮುಂದೆ ಸಾಗುವುದು ಸುಲಭ. ಒಂದೆಡೆ ಇಂಗಿದ ನೀರು ಇನ್ನೊಂದೆಡೆ ಹೊಮ್ಮುವುದನ್ನು ತಲೆಮಾರುಗಳಿಂದ ನೋಡಿದವರು, ದಾರಿಯ ಉದ್ದವನ್ನು ಅಳೆಯಲಾರದೆ, ತಾವು ಬಲ್ಲ ಅತಿ ದೂರದ ತೀರ್ಥವನ್ನೇ ಅದರ ಕೊನೆಯಾಗಿ ಹೆಸರಿಸಿದರೇನೋ.