ಬರಗಾಲದ ಮಣ್ಣಿನ ಮೇಲೆ ಓಡುವ ರೈಲು

ರಾಮನಗರದ ಹೆಸರೆತ್ತಿದೊಡನೆ ಹೊರಗಿನವರು ಕೇಳುವ ಮೊದಲ ಪ್ರಶ್ನೆ, ‘ಶೋಲೆ’ ಚಿತ್ರ ತೆಗೆದ ಬಂಡೆ ಯಾವುದು ಎಂಬುದು. ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸು, ಚಿತ್ರ ಬಂದದ್ದು 1975ರಲ್ಲಿ. ಇರಲಿ, ಕೇಳುವವರನ್ನು ದೂರಿ ಫಲವಿಲ್ಲ. ಆದರೆ ಆ ಬಂಡೆಗಳ ಪಕ್ಕದಲ್ಲೇ ಸಾಗುವ ರೈಲುಹಾದಿಯ ಬಗ್ಗೆ ಯಾರೂ ಕೇಳುವುದಿಲ್ಲವಲ್ಲ ಎಂಬುದು ನನ್ನ ಕೊರಗು.

ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಮೈಸೂರಿಗೆ ಬಂದ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಅವರ ಹೆಸರನ್ನು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಈ ಪೇಟೆಗೆ ಇಡಲಾಯಿತು. ಮುಂದೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಅದು ರಾಮನಗರವಾಯಿತು. ಭೂವಿಜ್ಞಾನಿಗಳು ಮಾತ್ರ ಇಂದಿಗೂ ಇಲ್ಲಿಯ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. 2007ರಲ್ಲಿ ಇದು ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ಆ ಜಿಲ್ಲೆಯ ಹೆಸರೂ ಬದಲಾಗಿ ಬೆಂಗಳೂರು ದಕ್ಷಿಣ ಎಂದಾಯಿತು. ಹೆಸರುಗಳ ಚರಿತ್ರೆ ಹೀಗೆ ದಾಖಲೆಯಲ್ಲಿದೆ. ಹೆಸರೇ ಉಳಿಯದವರ ಚರಿತ್ರೆ ಬೇರೆಯದು.

1876ರಿಂದ 78ರವರೆಗೆ, ಧಾತು–ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಯನ್ನು ಭೀಕರ ಕ್ಷಾಮ ಆವರಿಸಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಹತ್ತು ವರ್ಷದ ಸಹಜ ಬೆಳವಣಿಗೆಯನ್ನೂ ಕೂಡಿಸಿ ನೋಡಿದರೆ ನಷ್ಟದ ಅಂದಾಜು ಸಿಕ್ಕೀತು. ಆಗ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಹಸಿದವರಿಗೆ ಕೆಲಸ ಕೊಡಬೇಕೆಂದು ಬೆಂಗಳೂರು–ಮೈಸೂರು ಮೀಟರ್‌ಗೇಜ್ ಹಾದಿಯ ಮಣ್ಣಿನ ಕೆಲಸವನ್ನು ಬರಪರಿಹಾರ ಕಾಮಗಾರಿಯಾಗಿ ತೆಗೆದುಕೊಳ್ಳಲಾಯಿತು. ಎಲುಬು ಕಾಣುವ ಗಂಡಸರು, ಹೆಂಗಸರು ತಲೆಯ ಮೇಲೆ ಮಂಕರಿ ಹೊತ್ತು ಏರಿ ಕಟ್ಟಿದರು. 1881ರಲ್ಲಿ ಚನ್ನಪಟ್ಟಣದವರೆಗೆ ರೈಲು ಓಡಿತು. ಅದೇ ವರ್ಷ ಅಧಿಕಾರ ಒಡೆಯರ ಮನೆತನಕ್ಕೆ ಮರಳಿತು. 1882ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 86 ಮೈಲಿಯ ಹಾದಿ ಮೈಸೂರು ಮುಟ್ಟಿತು.

ನಾನು ಬಹುಕಾಲ ತರಗತಿಯಲ್ಲಿ ರೈಲನ್ನು ಬ್ರಿಟಿಷರ ಕೊಡುಗೆಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಬರೆಸಿದವನು. ನಮ್ಮ ಅಜ್ಜಿ, ಹೆಜ್ಜಾಲದಾಚೆಯ ಏರಿ ಬರದಲ್ಲಿ ಗಂಜಿಗಾಗಿ ಹಾಕಿದ ಮಣ್ಣು ಎಂದು ತನ್ನ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದರು. ಮುದುಕಿಯ ಮಾತೆಂದು ನಾನದನ್ನು ಪಾಠಕ್ಕೆ ತರಲಿಲ್ಲ. ದಾಖಲೆ ಓದಿದಾಗ ಅಜ್ಜಿಯೂ ಇರಲಿಲ್ಲ, ನನ್ನ ಮುಂದೆ ತರಗತಿಯೂ ಇರಲಿಲ್ಲ.

ಹಾದಿ ಬಂದ ಮೇಲೆ ನೆರೆಯ ಊರುಗಳ ಬಾಳು ಎರಡು ದಾರಿಯಾಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರು ಪಡೆಯಿತು. ಚನ್ನಪಟ್ಟಣದವರು ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಿಡಿಸಿ ಮಾಡಿದ ಬೊಂಬೆಗಳು ದೂರದೂರಕ್ಕೆ ಹೋದವು. ಇದೆಲ್ಲ ರೈಲಿನಿಂದಲೇ ಆಯಿತೆನ್ನುವುದು ಅತಿಶಯ; ಬೆಂಗಳೂರು–ಶ್ರೀರಂಗಪಟ್ಟಣದ ಹೆದ್ದಾರಿ ಅದಕ್ಕೂ ಮುಂಚೆ ಇತ್ತು, ಟಿಪ್ಪುವಿನ ಕಾಲದಲ್ಲೇ ರೇಷ್ಮೆಗೆ ಪ್ರೋತ್ಸಾಹವಿತ್ತು. ಆದರೂ ಸರಕು ಸಾಗಿಸುವವನಿಗೆ ನಿಲ್ದಾಣವೆಂದರೆ ಏನೆಂಬುದು ಮಾಗಡಿ, ಕನಕಪುರದವರನ್ನು ಕೇಳಿದರೆ ತಿಳಿಯುತ್ತದೆ. ಕೆಂಪೇಗೌಡರ ಮಾಗಡಿಗೆ ಕೋಟೆಯಿದೆ, ಸಾವನದುರ್ಗವಿದೆ, ರೈಲಿಲ್ಲ. ಹಿಂದೆ ಕಾನಕಾನಹಳ್ಳಿಯೆನಿಸಿದ್ದ ಕನಕಪುರದ ಮೂಲಕ ಹೆಜ್ಜಾಲದಿಂದ ಚಾಮರಾಜನಗರಕ್ಕೆ ಹಾದಿ ಹಾಕುವ ಯೋಜನೆಗೆ 1996–97ರಲ್ಲಿ ಮಂಜೂರಾತಿ ದೊರೆಯಿತು, ಕಂಬಿ ಬೀಳಲಿಲ್ಲ. ಮಾಗಡಿ ಕಡೆಯಿಂದ ಬಂದು ನನ್ನ ತರಗತಿಯಲ್ಲಿ ಕೂತ ಹುಡುಗರಲ್ಲಿ ಕೆಲವರು ಮೊದಲು ಕಂಡ ರೈಲು ಚನ್ನಪಟ್ಟಣದ ಮರದ ರೈಲು. ಕೆಂಪು ಇಂಜಿನ್, ಹಳದಿ ಡಬ್ಬಿ, ಎಳೆಯಲೊಂದು ದಾರ.

1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಆಮೇಲೆ ಜೋಡಿ ಹಾದಿ, ವಿದ್ಯುತ್ ತಂತಿ. ಏರಿಗಳನ್ನು ಅಗಲಿಸಿದರು, ಹೊಸ ಮಣ್ಣು ಸುರಿದರು. ಬರದಲ್ಲಿ ದುಡಿದವರ ನೆನಪಿಗೆ ನಿಲ್ಲಿಸಿದ ಕಲ್ಲೊಂದು ಈ ಹಾದಿಯುದ್ದಕ್ಕೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕಲ್ಲಿಗೇನು ಇಲ್ಲಿ ಕೊರತೆಯೇ? ಮೊನ್ನೆ ಮೊಮ್ಮಗನೊಡನೆ ಮೈಸೂರಿಗೆ ಹೋಗುವಾಗ ಬಿಡದಿ ದಾಟಿದ ಮೇಲೆ ಅವನು ಕಿಟಕಿಯಿಂದ ಶೋಲೆ ಬೆಟ್ಟ ಯಾವುದೆಂದು ಕೇಳಿದ. ತೋರಿಸಿದೆ. ಆಮೇಲೆ ಕೆಳಗಿನ ಮಣ್ಣನ್ನೂ ತೋರಿಸಿ, ಅಜ್ಜಿ ಹೇಳಿದ್ದನ್ನು ಹೇಳತೊಡಗಿದೆ. ಚನ್ನಪಟ್ಟಣ ಬರುವವರೆಗೂ ಕೇಳಿಸಿಕೊಂಡ.